ಅತ್ತೆಯವರ ಮರೆವು ವಯಸ್ಸಿನದೋ, ಕಾಯಿಲೆಯದೋ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 71 ವರ್ಷ. ಕಣ್ಣುಮುಚ್ಚಿ ಸಾರು ಮಾಡುತ್ತಿದ್ದವರು ಈಗ ಬೇಳೆ ಬೇಯಿಸುವ ಮೊದಲೇ ಒಗ್ಗರಣೆ ಹಾಕಿ, ಮುಂದೇನೆಂದು ತಿಳಿಯದೆ ನಿಂತುಬಿಡುತ್ತಾರೆ. ಹಾಲಿನವನಿಗೆ ಹಣ ಕೊಟ್ಟಾಯಿತೇ ಎಂದು ಪದೇ ಪದೇ ಕೇಳುತ್ತಾರೆ. ಇದನ್ನು ಅರಳುಮರಳು ಎಂದು ಸುಮ್ಮನಿರಬಹುದೇ?

ಉತ್ತರ 1: ಸುಮ್ಮನಿರಬಾರದು. ಯಾರದೋ ಹೆಸರು ತಕ್ಷಣ ನೆನಪಾಗದೆ ಸ್ವಲ್ಪ ಹೊತ್ತಿನ ಬಳಿಕ ಹೊಳೆಯುವುದು ವಯೋಸಹಜ. ಆದರೆ ರೂಢಿಯ ಕೆಲಸದ ಕ್ರಮವೇ ತಪ್ಪುವುದು, ಪರಿಚಿತ ಬೀದಿಯಲ್ಲಿ ದಾರಿ ತಿಳಿಯದಿರುವುದು, ಚಿಲ್ಲರೆ ಲೆಕ್ಕ ಹಾಕಲಾಗದಿರುವುದು, ತಾವೇ ಎಲ್ಲೋ ಇಟ್ಟ ಬಳೆ ಸಿಗದಾಗ ಮನೆಗೆಲಸದವರನ್ನು ಅನುಮಾನಿಸುವುದು ಡಿಮೆನ್ಷಿಯಾದ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಆರಂಭದ ಲಕ್ಷಣಗಳಾಗಿರಬಹುದಾದ್ದರಿಂದ ನರರೋಗ ತಜ್ಞರನ್ನೋ ಮನೋವೈದ್ಯರನ್ನೋ ಕಾಣಿರಿ.

ಉತ್ತರ 2: ಗಾಬರಿಯೂ ಬೇಡ. ಬಿ12 ಜೀವಸತ್ವದ ಕೊರತೆ (ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ), ಥೈರಾಯ್ಡ್ ಸಮಸ್ಯೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಪರಿಹಾರವಿದೆ. ಗೊಂದಲವು ಒಂದೆರಡು ದಿನಗಳಲ್ಲೇ ಏಕಾಏಕಿ ಹೆಚ್ಚಿದರೆ ಸೋಂಕಿನಂಥ ಕಾರಣವಿರಬಹುದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ 3: ವೈದ್ಯರ ಮುಂದೆ ಹಿರಿಯರು ಹಲವು ಬಾರಿ ಚೆನ್ನಾಗಿಯೇ ಮಾತನಾಡಿಬಿಡುತ್ತಾರೆ, ಆದ್ದರಿಂದ ನೀವು ಕಂಡದ್ದನ್ನು ದಿನಾಂಕಸಹಿತ ಬರೆದುಕೊಂಡು, ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಗಡಿಯಾರದ ಚಿತ್ರ ಬರೆಸುವ ಸರಳ ಪರೀಕ್ಷೆಯೂ ಇರಬಹುದು. ಮೊದಲು ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.