ಸಹಾಯ ಬೇಕು: ಎಂಟನೇ ಕ್ಲಾಸಿನ ಮಕ್ಕಳ ಮಾತು ಕೇಳುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ನಮ್ಮಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮ ಇವೆ. ಏಳರವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಸೆಕ್ಷನ್ ಸೇರುವ ಮಕ್ಕಳದ್ದೇ ನನಗೆ ಚಿಂತೆ.

ಒಬ್ಬ ಹುಡುಗಿ ಇದ್ದಾಳೆ. ಎಲೆ ಆಹಾರ ತಯಾರಿಸುವುದು ಹೇಗೆ ಅಂತ ಕನ್ನಡದಲ್ಲಿ ಕೇಳಿದರೆ ಚಿತ್ರ ಬಿಡಿಸಿ, ಬಾಣ ಹಾಕಿ ಪಟಪಟ ಹೇಳುತ್ತಾಳೆ. ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ ಪೇಪರ್ ಖಾಲಿ. ಈಗೀಗ ಟೆಸ್ಟ್ ಇದ್ದ ದಿನ ಹೊಟ್ಟೆನೋವು ಅಂತ ಶಾಲೆಗೇ ಬರುವುದಿಲ್ಲ. ಸುಮ್ನೆ ನಾಟಕ ಅನ್ನುವವರೂ ಇದ್ದಾರೆ. ಆದರೆ ನೋವು ನಿಜವಾದದ್ದೇ, ಆತಂಕ ಜಾಸ್ತಿಯಾದಾಗ ಮಕ್ಕಳಿಗೆ ಹೀಗಾಗುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಬೋರ್ಡಿನ ಮೇಲೆ ಬರೆಸಿದ್ದೇನೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎಷ್ಟೋ ಮಕ್ಕಳ ಕೈಯಲ್ಲಿ ಫೋನ್ ಇಲ್ಲ, ಅಲ್ವಾ?

ತಿಂಗಳಿಗೊಮ್ಮೆ ಬರಬಲ್ಲ ಆಪ್ತಸಮಾಲೋಚಕರು ಹತ್ತಿರದಲ್ಲಿ ಯಾರಾದರೂ ಇದ್ದೀರಾ? ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಬಸ್ ಖರ್ಚು ನಾವು ಕೊಡುತ್ತೇವೆ. ಹೀಗೇ ಮಾಧ್ಯಮ ಬದಲಿಸಿ ಓದಿ, ಈಗ ಕಾಲೇಜಿನಲ್ಲಿರುವವರು ಬಂದು ಮಾತಾಡಿದರೂ ಮಕ್ಕಳಿಗೆ ಧೈರ್ಯ ಬರುತ್ತದೆ. ಮುಂದಿನ ಟೆಸ್ಟಿಗೆ ಮುಂಚೆ ಆದರೆ ತುಂಬಾ ಒಳ್ಳೆಯದು. ದಯವಿಟ್ಟು ಮೆಸೇಜ್ ಮಾಡಿ.