ಸಹಾಯ ಬೇಕು: ಮಧುನಾಶಿನಿ ಎಲೆಯಿಂದ ಜಿಮ್ನೆಮಿಕ್ ಆಮ್ಲ ಬೇರ್ಪಡಿಸುವ ಬಗ್ಗೆ

ಗುಂಪಿನ ಹಿರಿಯರಿಗೆ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ನಾನು ಮಧುನಾಶಿನಿ ಎಲೆಗಳ ಅಧ್ಯಯನ ಮಾಡುತ್ತಿದ್ದೇನೆ. ಈ ಬಳ್ಳಿಯ ಎಲೆಯನ್ನು ಚೆನ್ನಾಗಿ ಅಗಿದ ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಅದು ಮರಳಿನಂತೆ ಸಪ್ಪೆಯಾಗಿರುತ್ತದೆ. ಆದರೆ ಉಪ್ಪಿನ ರುಚಿ ಹಾಗೆಯೇ ಉಳಿಯುತ್ತದೆ. ನಾಲಿಗೆಯ ಸಿಹಿ ಗ್ರಾಹಕಗಳನ್ನು ತಡೆಯುವ ಜಿಮ್ನೆಮಿಕ್ ಆಮ್ಲವು ಒಂದೇ ಸಂಯುಕ್ತವಲ್ಲ, ಟ್ರೈಟರ್ಪೀನ್ ಸಪೋನಿನ್‌ಗಳ (ನೀರಿನಲ್ಲಿ ನೊರೆ ಬರಿಸುವ ಸಸ್ಯ ಸಂಯುಕ್ತಗಳ) ಗುಂಪು; ಹಾಗಾಗಿ ಅದನ್ನು ಬೇರ್ಪಡಿಸಿ ಅಳೆಯುವುದೇ ನನ್ನ ತೊಡಕು.

ನೆರಳಿನಲ್ಲಿ ಒಣಗಿಸಿದ 50 ಗ್ರಾಂ ಎಲೆಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕೆ ಇಳಿಸಿದಾಗ ಪ್ರಕ್ಷೇಪವು (ದ್ರಾವಣದಿಂದ ಬೇರ್ಪಡುವ ಘನವಸ್ತು) ತಳಕ್ಕೆ ಕೂರಬೇಕಿತ್ತು. ನನಗೆ ಸಿಕ್ಕಿದ್ದು ಬೀಕರಿನ ಗೋಡೆಗೆ ಅಂಟಿಕೊಂಡ, ಸೋಸುಕಾಗದದಿಂದ ಕೆರೆದು ತೆಗೆಯಲೂ ಬಾರದ ಕಂದು ಜಿಗುಟು. ಪೆಟ್ರೋಲಿಯಂ ಈಥರ್ ಬಳಸಿ ಮೊದಲೇ ಮೇಣವನ್ನೂ ಪತ್ರಹರಿತ್ತನ್ನೂ ತೆಗೆಯದಿದ್ದುದೇ ಇದಕ್ಕೆ ಕಾರಣವಿರಬಹುದೇ? ನೀರಿನ ಬದಲು ಜಲಮಿಶ್ರಿತ ಎಥನಾಲ್ ಬಳಸುವುದು ಲೇಸೇ?

ಸಕ್ಕರೆ ಕಾಯಿಲೆಯ ಮದ್ದಿನ ಬಗ್ಗೆ ನಾನು ಕೇಳುತ್ತಿಲ್ಲ. ನನಗೆ ಬೇಕಿರುವುದು ಅಳತೆಯ ಕ್ರಮ. ಈ ಸಪೋನಿನ್‌ಗಳನ್ನು ಆಮ್ಲ ಮತ್ತು ಕ್ಷಾರದಿಂದ ಒಡೆದು, ಅವುಗಳ ಸಾಮಾನ್ಯ ತಿರುಳಾದ ಜಿಮ್ನೆಮಾಜೆನಿನ್ ರೂಪದಲ್ಲಿ ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮೂಲಕ ಅಳೆದ ಅನುಭವವುಳ್ಳವರು ಆಮ್ಲ, ಕ್ಷಾರಗಳ ಸಾಂದ್ರತೆಯನ್ನೂ ಕಾಯಿಸಬೇಕಾದ ಅವಧಿಯನ್ನೂ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.