ತಾಂಜಾನಿಯಾದ ಮಸಾಸಿಯಲ್ಲಿ ಒಂದು ವರ್ಷ ಸ್ವಯಂಸೇವೆ: ಖಾಲಿ ಮನೆಗೆ ಏನೇನು ಬೇಕು?

ಹೊರಟವಳು:
ಮುಂದಿನ ತಿಂಗಳು ತಾಂಜಾನಿಯಾದ ಮ್ತ್ವಾರಾ ಪ್ರಾಂತ್ಯದ ಮಸಾಸಿಗೆ ಹೋಗ್ತಿದ್ದೀನಿ. ಸೆಕೆಂಡರಿ ಶಾಲೆಯಲ್ಲಿ ಗಣಿತ ಕಲಿಸೋ ಸ್ವಯಂಸೇವೆ, ಒಂದು ವರ್ಷ. ಸಂಸ್ಥೆಯವರು ಬಾಡಿಗೆ ಮನೆ ಗೊತ್ತುಮಾಡಿದ್ದಾರೆ: ಎರಡು ಕೋಣೆ, ತಗಡಿನ ಸೂರು, ಕರೆಂಟ್ ಇದೆ. ನಲ್ಲಿ ಅಂಗಳದಲ್ಲಿದೆ, ನೀರು ದಿನಾ ಬರಲ್ಲವಂತೆ. ಒಳಗೆ ಮಂಚ ಕೂಡ ಇಲ್ಲ. ಇಲ್ಲಿವರೆಗೂ ಮನೆ, ಹಾಸ್ಟೆಲ್ ಬಿಟ್ಟು ಬೇರೆ ಇದ್ದವಳಲ್ಲ. ಲಗೇಜ್ 30 ಕೆಜಿ. ಇಂಡಕ್ಷನ್ ಒಲೆ, ಮಿಕ್ಸಿ, ಕುಕ್ಕರ್, ಸೊಳ್ಳೆಪರದೆ ಎಲ್ಲಾ ಇಲ್ಲಿಂದಲೇ ಒಯ್ಯಲಾ? ಹೋದ ತಕ್ಷಣ ಮೊದಲು ಏನು ತಗೋಬೇಕು?

ನೀರುಗಂಟಿ:
ಮೊದಲ ಸಂಜೆಯೊಳಗೆ ಎರಡೇ ಆಗಬೇಕು: ಸೊಳ್ಳೆಪರದೆ ಮತ್ತು ನೀರು. ಮಿಕ್ಕಿದ್ದು ನಿಧಾನಕ್ಕೆ ಆಗಲಿ.

ಪರದೆ ಅಲ್ಲೇ ತಗೊಳ್ಳಿ. ಕೀಟನಾಶಕ ಸೇರಿಸಿದ ಪರದೆಗಳು ತಾಂಜಾನಿಯಾದಲ್ಲೇ, ಅರುಷಾದಲ್ಲಿ, ತಯಾರಾಗುತ್ತವೆ. ಹೊಸದನ್ನು ಬಿಚ್ಚಿ ಒಂದು ದಿನ ನೆರಳಲ್ಲಿ ಹರವಿ ಆಮೇಲೆ ಕಟ್ಟಿ, ಇಲ್ಲದಿದ್ದರೆ ಮುಖದ ಚರ್ಮ ಉರಿಯಬಹುದು. ಒಗೆಯುವಾಗ ಬರೀ ಮೃದು ಸೋಪು ಹಾಕಿ, ಬಿಸಿಲಿಗೆ ಒಣಗಿಸಬೇಡಿ. ಬ್ಲೀಚು, ಬಿಸಿಲು ಎರಡೂ ಔಷಧವನ್ನು ಹಾಳು ಮಾಡುತ್ತವೆ. ಸರಿಯಾಗಿ ನೋಡಿಕೊಂಡರೆ ಸುಮಾರು 20 ಒಗೆತ ತಾಳಬೇಕು. ಆ ಕಡೆ ಮಲೇರಿಯಾ ಜಾಸ್ತಿ, ಮಾತ್ರೆಯ ವಿಷಯ ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ.

ನೀರಿಗೆ 20 ಲೀಟರಿನ ಮುಚ್ಚಳದ ಬಕೆಟ್ ನಾಲ್ಕು ಇರಲಿ, ಅದರಲ್ಲಿ ಒಂದಕ್ಕೆ ಕೆಳಗೆ ನಲ್ಲಿ ಇರಬೇಕು. ಆ ನಲ್ಲಿ ಇರುವ ಬಕೆಟ್ ಕುಡಿಯೋ ನೀರಿಗೆ ಮಾತ್ರ. ಕುದಿಸಿದ ನೀರು ಕೆಡೋದು ಹೆಚ್ಚಾಗಿ ಲೋಟ ಅದ್ದಿ ತೆಗೆಯೋದರಿಂದ. ಮಡ್ಡಿ ನೀರಾದರೆ ತಿಳಿಯಾಗಲು ಬಿಟ್ಟು, ನಾಲ್ಕು ಪದರ ಬಟ್ಟೆಯಲ್ಲಿ ಸೋಸಿ, ಕೊತಕೊತ ಅಂತ ಒಂದು ನಿಮಿಷ ಕುದಿಸಿ. ಕ್ಲೋರಿನ್ ದ್ರಾವಣವಾದರೆ ಬಾಟಲಿ ಮೇಲಿನ ಅಳತೆಯಂತೆ ಹಾಕಿ 30 ನಿಮಿಷ ಕಾಯಿರಿ. ಕದಡಿದ ನೀರಿಗೆ ನೇರ ಹಾಕಿದರೆ ಕ್ಲೋರಿನ್ ಕೊಳೆಯಲ್ಲೇ ಕರಗಿಹೋಗುತ್ತೆ, ಕ್ರಿಮಿ ಉಳಿಯುತ್ತೆ.

ತಗಡಿನ ಸೂರು ಇದೆ ಅಂದಿರಿ, ಅದೇ ನಿಮ್ಮ ದೊಡ್ಡ ಆಸ್ತಿ. ಅಲ್ಲಿ ಮಳೆ ಡಿಸೆಂಬರ್‌ನಿಂದ ಏಪ್ರಿಲ್. 30 ಚದರ ಮೀಟರ್ ಸೂರಿನ ಮೇಲೆ 20 ಮಿಮೀ ಬಿದ್ದರೆ ಲೆಕ್ಕಕ್ಕೆ 600 ಲೀಟರ್, ಸೋರಿ ಸಿಡಿದು ಕೈಗೆ 450-480. ಮನೆಯೊಡೆಯರನ್ನು ಕೇಳಿ ಸೂರಿನ ಒಂದು ಬದಿಗಾದರೂ ಮಳೆನೀರು ಹಿಡಿಯೋ ದೋಣಿ ಹಾಕಿಸಿ, ಕೆಳಗೆ 500 ಲೀಟರಿನ ಸಿಮ್‌ಟ್ಯಾಂಕ್ (ಪ್ಲಾಸ್ಟಿಕ್ ನೀರಿನ ಟ್ಯಾಂಕ್) ಇಡಿ. ಒಣ ದಿನಗಳ ನಂತರದ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಿ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ. ಟ್ಯಾಂಕಿನ ಬಾಯಿಗೆ ಜಾಲರಿ ಕಟ್ಟದಿದ್ದರೆ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದ ಹಾಗೆ.

ಮೂರುಪಿನ್ನು:
ಇಂಡಕ್ಷನ್ ಬೇಡ. ಅಲ್ಲಿ ತಿಂಗಳಿಗೆ 75 ಯೂನಿಟ್ ಒಳಗೆ ಬಳಸುವ ಮನೆಗೆ ಅಗ್ಗದ ದರ ಇದೆ. 1500 ವಾಟ್ ಒಲೆಯನ್ನು ದಿನಾ ಎರಡು ತಾಸು ಉರಿಸಿದರೆ ಅದೊಂದೇ 90 ಯೂನಿಟ್. ಮೇಲಾಗಿ ಕರೆಂಟ್ ಹೋದ ದಿನ ಉಪವಾಸ.

ಕರೆಂಟ್ ಪ್ರಿಪೇಯ್ಡ್. ಅಲ್ಲಿ ಅದಕ್ಕೆ ಲುಕು ಅಂತಾರೆ. ಮೊಬೈಲ್ ಹಣದಲ್ಲಿ ಕೊಂಡರೆ 20 ಅಂಕಿಯ ಸಂಖ್ಯೆ ಬರುತ್ತೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಹಾಗಾಗಿ ಪಾಸ್‌ಪೋರ್ಟ್, ಬೆರಳಚ್ಚು ಕೊಟ್ಟು ಸಿಮ್ ನೋಂದಾಯಿಸೋದು ಮೊದಲ ದಿನದ ಕೆಲಸ. ಕೀಲಿ ಇಸ್ಕೊಳ್ಳುವಾಗಲೇ ಮೀಟರ್ ನಂಬರ್ ಬರೆದಿಟ್ಟುಕೊಳ್ಳಿ, ಆ ಮೀಟರ್ ನಿಮ್ಮೊಬ್ಬರದ್ದೋ ವಠಾರದ್ದೋ ಕೇಳಿ. ಮನೆ ತೆರಿಗೆಯನ್ನೂ ಲುಕು ಹಣದಲ್ಲೇ ಹಿಡಿಯುತ್ತಾರೆ, ಆದ್ದರಿಂದ ಯೂನಿಟ್ ಕಮ್ಮಿ ಬಂದರೆ ಗಾಬರಿ ಬೇಡ. ಅದನ್ನು ಮನೆಯೊಡೆಯರು ಬಾಡಿಗೆಯಲ್ಲಿ ಕಳೆಯುತ್ತಾರೋ ಅಂತ ಕರಾರಿನಲ್ಲೇ ಬರೆಸಿ.

ಮಿಕ್ಸಿ ಒಯ್ಯಬಹುದು. ವೋಲ್ಟೇಜ್ ನಮ್ಮದೇ, 230. ಆದರೆ ಸಾಕೆಟ್ ಚೌಕ ಪಿನ್ನಿನ ಬ್ರಿಟಿಷ್ ಮಾದರಿ. ಅಡಾಪ್ಟರ್ ನೆಚ್ಚಬೇಡಿ, ಅಲ್ಲಿನ ಪ್ಲಗ್ ಕೊಂಡು ಬದಲಾಯಿಸಿ. ಬಿಚ್ಚಿದ ಪ್ಲಗ್ಗನ್ನು ಅರ್ಥ್ ಪಿನ್ ಮೇಲಿರುವಂತೆ ಹಿಡಿದರೆ ಫ್ಯೂಸ್ ಇರುವ ಬಲಗಡೆಗೆ ಕಂದು ಅಥವಾ ಕೆಂಪು ವೈರ್, ಎಡಕ್ಕೆ ನೀಲಿ ಅಥವಾ ಕಪ್ಪು, ಮೇಲಕ್ಕೆ ಹಸಿರು. 750 ವಾಟ್ ಮಿಕ್ಸಿಗೆ 5 ಆಂಪ್ ಫ್ಯೂಸ್ ಸಾಕು. 3 ಆಂಪಿನದು ಹಾಕಿದರೆ ಫ್ಯೂಸ್ ಸುಟ್ಟುಹೋಗಬಹುದು. ಅರ್ಥ್ ತೂತಿಗೆ ಪೆನ್ನು ಚುಚ್ಚಿ ಎರಡು ದುಂಡು ಪಿನ್ನು ತುರುಕೋದನ್ನು ಎಲ್ಲೆಲ್ಲೂ ನೋಡ್ತೀರಿ. ಪಿನ್ನು ಸಡಿಲ ಕೂತು ಕಿಡಿ ಹಾರಿ ಸಾಕೆಟ್ ಕರಗುತ್ತೆ, ಅರ್ಥಿಂಗೂ ಇರಲ್ಲ. ದಯವಿಟ್ಟು ಮಾಡಬೇಡಿ.

ಹೊರಟವಳು:
ಹಾಗಾದ್ರೆ ಅಡುಗೆ ಯಾವುದರಲ್ಲಿ? ಇದ್ದಿಲು ಒಲೆ ಅಗ್ಗ ಅಂತಾರೆ. ತೊಗರಿಬೇಳೆ ಎಷ್ಟು ಕೆಜಿ ತರಲಿ?

ಒಲೆಮುಂದೆ:
ತೊಗರಿಯ ಸೀಮೆಗೇ ಹೊರಟಿದ್ದೀರಿ, ಮ್ತ್ವಾರಾ, ಲಿಂಡಿ ಕಡೆ ಬೆಳೆಯುತ್ತಾರೆ. ಹೆಸರು ಎಂಬಾಜಿ. ಸಂತೆಯಲ್ಲಿ ಸಿಗೋದು ಹೆಚ್ಚಾಗಿ ಸಿಪ್ಪೆ ಸಮೇತದ ಇಡೀ ಕಾಳು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಆರೇಳು ಕೂಗು ಕೂಗಿಸಿ, ಸೌಟಿನಲ್ಲಿ ಮಸೆದು ಜಾಲರಿಯಲ್ಲಿ ಸೋಸಿದರೆ ಸಾರಿಗೆ ಕಟ್ಟು ಸಿದ್ಧ. ಹುಣಸೆ, ತೆಂಗು, ಹೆಸರುಕಾಳು, ಅಲಸಂದೆ, ದಂಟಿನ ಸೊಪ್ಪು ಎಲ್ಲಾ ಇವೆ. ರಾಗಿಗೆ ಉಲೇಜಿ ಅಂತ ಕೇಳಿ, ಗಂಜಿಗೆಂದು ಮಾರುವ ಹಿಟ್ಟಿನಲ್ಲಿ ಬೇರೆ ಧಾನ್ಯ ಬೆರೆಸಿರುತ್ತಾರೆ, ಮುದ್ದೆಗೆ ಕಾಳು ಕೊಂಡು ಮಿಲ್ಲಿಗೆ ಹಾಕಿಸಿ. ತುರಿಯೋ ಮಣೆಯೂ ಬೇಡ: ಅಲ್ಲಿ ಮಡಚುವ ಗಿಡ್ಡ ಸ್ಟೂಲಿನ ತುದಿಗೆ ಹಲ್ಲಿನ ಅಲಗು ಇರುತ್ತೆ, ಕುಳಿತೇ ಕಾಯಿ ತುರಿಯಬಹುದು. ನೀವು ಒಯ್ಯಬೇಕಾದ್ದು ಇಂಗು, ಸಾಸಿವೆ, ಮೆಂತ್ಯ, ಸಾರಿನಪುಡಿ, 3 ಲೀಟರ್ ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ಪ್ಲಾಸ್ಟಿಕ್ ಕೈಚೀಲದಲ್ಲಿ ಕಟ್ಟಬೇಡಿ, 2019ರ ಜೂನ್ 1ರಿಂದ ಅಲ್ಲಿ ನಿಷೇಧ, ಹೊರಗಿಂದ ಬರುವವರಿಗೂ.

ಗ್ಯಾಸ್ 6 ಕೆಜಿಯದು ತಗೊಳ್ಳಿ. ಬರ್ನರನ್ನು ಸಿಲಿಂಡರಿನ ತಲೆಗೇ ತಿರುಗಿಸಿ ಕೂರಿಸುತ್ತಾರೆ, ಪೈಪು ರೆಗ್ಯುಲೇಟರು ಇಲ್ಲ. ತೊಂದರೆ ಬರೋದು ಆ ಕೂಡಿಕೆಯ ರಬ್ಬರ್ ವಾಷರಿನಲ್ಲಿ. ಪ್ರತಿ ಸಲ ಸಿಲಿಂಡರ್ ಬದಲಾದಾಗ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಒಲೆ ಹೊತ್ತಿಸಬೇಡಿ. ಮೇಲೆ ಕುಕ್ಕರ್ ಇಟ್ಟಾಗ ಎತ್ತರವಾಗಿ ಓಲಾಡುತ್ತೆ, ಆದ್ದರಿಂದ ಕಟ್ಟೆಯ ಮೇಲಲ್ಲ, ಸಮತಟ್ಟಾದ ನೆಲದ ಮೇಲೆ, ಪರದೆಯಿಂದ ದೂರ.

ಇದ್ದಿಲು ಒಲೆ ಜೊತೆಗಿರಲಿ, ಆದರೆ ಅಂಗಳದಲ್ಲಿ ಮಾತ್ರ. ಮಳೆ ಅಂತಲೋ ಚಳಿ ಅಂತಲೋ ಕೆಂಡ ಇರುವ ಒಲೆಯನ್ನು ಮಲಗೋ ಕೋಣೆಗೆ ತಂದು ಬಾಗಿಲು ಹಾಕಿದರೆ ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆಯೇ ಇಲ್ಲ, ಎಚ್ಚರವಾಗೋದೇ ಇಲ್ಲ.

ನೀರುಗಂಟಿ:
ಮಂಚದ ಮಾತು ಬಿಟ್ಟಿದ್ದೆ. ಬಡಗಿ ಹತ್ತಿರ ಅಳತೆ ಅಡಿಯಲ್ಲೇ ಹೇಳೋದು, ಒಬ್ಬರಿಗೆ 4×6. ಹಾಸಿಗೆಯೂ ಪರದೆಯೂ ಅದೇ ಅಳತೆಗೆ. ಪರದೆಗೆ ಗೋಡೆಯ ಮೊಳೆ ಬೇಡ, ನಾಲ್ಕು ಮೂಲೆಗೂ ಕಂಬ ನಿಲ್ಲಿಸಿ ಕೊಡಲು ಹೇಳಿ. ಅರ್ಧ ಹಣ ಮುಂಗಡ, ಉಳಿದದ್ದು ಮನೆಯಲ್ಲಿ ಜೋಡಿಸಿದ ಮೇಲೆ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಹೊತ್ತನ್ನು ಬೆಳಗಿನ ಆರರಿಂದ ಎಣಿಸುತ್ತಾರೆ: "ಮೂರು ಗಂಟೆಗೆ ತರ್ತೀನಿ" ಅಂದರೆ ನಮ್ಮ ಒಂಬತ್ತು. ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಅವರು ಬಂದು ಹೋಗಿ ಆಗಿರುತ್ತೆ.